ಸತ್ತು ಏಳುವ ಶಿವಣ್ಣ

ಪೂರಿಗಾಲಿಯ ಪ್ರೈಮರಿ ಸ್ಕೂಲಿನ ಮೇಷ್ಟರು ಕಸ್ತೂರಿರಂಗನಿಗೆ ಇಪ್ಪತ್ತಮೂರು ವರ್ಷ. ಎಂಟು ದಿನ ಹಳೆಯ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುತ್ತಿದ್ದುದರಿಂದ ಊರಿನಲ್ಲಿ ಅವನು ತಿಳಿದವನು. ತನಗೆ ಎಷ್ಟು ತಿಳಿಯದು ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಸರ್ಕಾರದ ಸಂಬಳ ತಿನ್ನುವವನು ಅಂಥದ್ದನ್ನು ಹೇಳಿಕೊಂಡು ತಿರುಗಬಾರದೆಂದು, ತಿಳಿಯದ ಮಾತು ಬಂದಾಗಲೆಲ್ಲ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಆ ಬಾಯಿ ಒಂದೇ ಒಂದು ದಿನ, ಬೆಟ್ಟಮ್ಮನ ಜಗಲಿಯ ಮೇಲೆ, ತೆರೆದುಕೊಂಡಿತು.

ಬೆಟ್ಟಮ್ಮನ ಮಗ ಶಿವಣ್ಣ ನಟ. ಎತ್ತು ಕೊಳ್ಳಲು ಮಳವಳ್ಳಿಗೆ ಹೋದವನು ಅಲ್ಲಿ ಬೀಡುಬಿಟ್ಟಿದ್ದ ನಾಟಕದ ಕಂಪನಿ ಸೇರಿ, ಮೂಗುದಾರವನ್ನು ಮಾತ್ರ ಊರಿಗೆ ಕಳಿಸಿದ್ದ. ಎರಡು ವರ್ಷ ಈಟಿ ಹಿಡಿದು ಮೂಲೆಯಲ್ಲಿ ನಿಂತ. ಒಮ್ಮೆ ಮದ್ದೂರಿನಲ್ಲಿ, ಯುದ್ಧದಲ್ಲಿ ಸಾಯಬೇಕಾದ ನಟನಿಗೆ ಜ್ವರ ಬಂದು, ಅವನ ಬದಲು ಶಿವಣ್ಣ ಸತ್ತ. ಬಾಣ ನಾಟಿದ ಮೇಲೆ ಮೂರು ಹೆಜ್ಜೆ ಹಿಂದೆ ಸರಿದ, ನೀರು ಕೇಳಿದ, ಅರ್ಧ ಕುಡಿದು ಚೊಂಬು ವಾಪಸು ಕೊಟ್ಟ, ರಾಜನಿಂದ ಹಿಡಿದು ಹಾರ್ಮೋನಿಯಂನವರ ತನಕ ಎಲ್ಲರ ಅಪ್ಪಣೆ ಪಡೆದ, ಆಮೇಲೆ ಬಿದ್ದ. ಜನ ‘ವನ್ಸ್ ಮೋರ್’ ಎಂದರು. ಎದ್ದು ಧೂಳು ಕೊಡವಿಕೊಂಡು ಇನ್ನೊಮ್ಮೆ ಸತ್ತ. ಅಲ್ಲಿಂದಾಚೆ ಮಂಡ್ಯದ ಕಡೆಯವರು ಟಿಕೆಟ್ ಕೊಳ್ಳುವ ಮೊದಲು, “ಇವತ್ತು ಶಿವಣ್ಣ ಸಾಯ್ತಾನಾ?” ಎಂದು ಕೇಳುತ್ತಿದ್ದರು.

ಮೊದಲ ಸಲ ನೋಡಿದಾಗ ಬೆಟ್ಟಮ್ಮ ಗೋಳೋ ಎಂದಿದ್ದಳು. ಆದರೆ ಕಂಪನಿ ನಾಟಕದಲ್ಲಿ ಕೊನೆಗೆ ಸತ್ತವರೂ ಬದುಕಿದವರೂ ಸಾಲಾಗಿ ನಿಂತು ಮಂಗಳ ಹಾಡಿ ಆರತಿ ಎತ್ತುವುದು ಪದ್ಧತಿ. ಎದೆಯ ಬಾಣವನ್ನೂ ಕೀಳದೆ ಬಂದು ನಿಂತ ಮಗನನ್ನು ನೋಡಿ ಅವಳು ನಿಟ್ಟುಸಿರು ಬಿಟ್ಟಳು. “ಬಿದ್ದೋನು ಎದ್ದು ಮಂಗಳಕ್ ನಿಂತ್ರೆ ಆಯಸ್ಸು ಎಚ್ತದೆ ಕಣಮ್ಮ” ಎಂದು ಪಕ್ಕದ ಮನೆಯ ಅಂಕಮ್ಮನಿಗೆ ಹೇಳಿದಳು. ಮಂಗಳವಾಗದೆ ಅವಳು ಯಾವ ನಾಟಕದಿಂದಲೂ ಎದ್ದದ್ದಿಲ್ಲ.

ಆಮೇಲೆ ಟಾಕಿ ಬಂತು. ಸೇಲಂನಿಂದ ಶಿವಣ್ಣನಿಗೆ ಕರೆ ಬಂತು. ಅಲ್ಲಿ ಅವನು ಎಂದಿನಂತೆ ನೀರು ಕೇಳಿ ಅಪ್ಪಣೆ ಬೇಡುವಷ್ಟರಲ್ಲಿ ಫಿಲಂ ಸುರುಳಿ ಮುಗಿಯಿತು, ಶಿವಣ್ಣ ಮುಗಿಯಲಿಲ್ಲ. “ಬೇಗ ಸಾಯಪ್ಪಾ” ಎಂದು ಡೈರೆಕ್ಟರು ಕೈಮುಗಿದರಂತೆ. ಐದನೆಯ ಸಲ ಹೇಗೋ ಚುಟುಕಾಗಿ ಸತ್ತ. ಚಿತ್ರ ಓಡಿತು. ಮಂಡ್ಯದ ಕ್ಷೌರದಂಗಡಿಗಳಲ್ಲಿ ಹುಡುಗರು ಶಿವಣ್ಣನ ಮೀಸೆ ಕೇಳತೊಡಗಿದರು. ಕಸ್ತೂರಿರಂಗನೂ ಕೇಳಿ ಬಿಡಿಸಿಕೊಂಡು, ಶಾಲೆಯ ಮಕ್ಕಳು ಮೂರು ದಿನ ನಕ್ಕ ಮೇಲೆ ಬೋಳಿಸಿಕೊಂಡ.

ಎರಡನೆಯ ಟಾಕಿಗೆ ತಂತಿ ಬಂದಾಗ ಬೆಟ್ಟಮ್ಮ ಅಡ್ಡ ಕೂತಳು. ಮಳವಳ್ಳಿಯ ಟೆಂಟಿಗೆ ಮೊದಲನೆಯದು ಬಂದಿತ್ತು. “ಅದ್ನ ನೋಡ್ತೀನಿ. ಆಮೇಲೆ ಓಗ್ಬೋದೋ ಬ್ಯಾಡ್ವೋ ಯೋಳ್ತೀನಿ.” ಗುರುವಾರ ಮದ್ದೂರಿನಲ್ಲಿ ರೈಲು ಹಿಡಿಯದಿದ್ದರೆ ಪಾತ್ರ ಇನ್ನೊಬ್ಬನದು. ತಾಯಿ ಹೂಂ ಎನ್ನದೆ ಶಿವಣ್ಣ ಹೊಸಿಲು ದಾಟುವವನಲ್ಲ.

“ಅದ್ರಲ್ಲೂ ಮಂಗಳ ಐತಾ ಮೇಷ್ಟ್ರೇ?” ಎಂದು, ತಂತಿ ಓದಿ ಹೇಳಲು ಜಗಲಿಗೆ ಬಂದಿದ್ದ ಮೇಷ್ಟರನ್ನು ಕೇಳಿದಳು.

“ನಾಟಕದ ಥರಾನೇ ಬೆಟ್ಟಮ್ಮ. ಕೊನೇಲಿ ಎಲ್ಲರೂ ಬರ್ತಾರೆ” ಎಂದ ಕಸ್ತೂರಿರಂಗ. ಅವನು ಅದುವರೆಗೆ ಒಂದು ಟಾಕಿಯನ್ನೂ ನೋಡಿರಲಿಲ್ಲ. ಶಿವಣ್ಣ ಹಿಂದಿನಿಂದ ಕಣ್ಣುಸನ್ನೆ ಮಾಡಿದ್ದು ಅವನಿಗೆ ಶಹಭಾಸ್‌ಗಿರಿಯಂತೆ ಕಂಡಿತು.

ಬುಧವಾರ ಮೊದಲ ಆಟಕ್ಕೆ ಗಾಡಿ ಕಟ್ಟಿಕೊಂಡು ಹೋದರು. ತನ್ನನ್ನು ತಾನೇ ಅಷ್ಟು ದೊಡ್ಡದಾಗಿ ನೋಡಲು ನಾಚಿಕೊಂಡು ಶಿವಣ್ಣ ಹೊರಗೆ ನಿಂತ. ಒಳಗೆ, ತೆರೆಯ ಬಟ್ಟೆಯ ಮೇಲೆ, ಬಾಣ ನಾಟಿತು. ಅವನು ಬಿದ್ದ.

“ನಿನ್ ಮಗ ನೀರೂ ಕೇಳ್ನಿಲ್ವಲ್ಲಕ್ಕ!” ಎಂದಳು ಅಂಕಮ್ಮ.

“ತಡಿ, ಎದ್ದೇಳ್ತಾನೆ. ಮೇಷ್ಟ್ರು ಮಾತ್ ಕೊಟ್ಟವ್ರೆ.”

ನಾಯಕನಿಗೆ ಮದುವೆಯಾಯಿತು. ಬಟ್ಟೆ ಬೆಳ್ಳಗಾಯಿತು. ಇಂಜಿನ್ನು ನಿಂತು ಪೆಟ್ರೋಮ್ಯಾಕ್ಸ್ ಬಂತು. ಜನ ಎದ್ದರು, ಬೆಟ್ಟಮ್ಮ ಏಳಲಿಲ್ಲ.

“ಆಟ ಮುಗೀತು, ನಡಿಯಮ್ಮೋ” ಎಂದ ಟೆಂಟಿನವನು.

“ಎಂಗ್ಲಾ ಮುಗೀತು? ಮಂಗಳ ಆಗ್ನಿಲ್ಲ. ನನ್ ಮಗ ಇನ್ನೂ ಅಲ್ಲೇ ಬಿದ್ದವ್ನೆ!”

“ಅದು ಬರೀ ನೆರಳು ಬೆಟ್ಟಮ್ಮ” ಎಂದು ಕಸ್ತೂರಿರಂಗ ತೊದಲಿದ.

“ನೆರಳ್ಗೆ ನಮ್ ಸಿವಣ್ಣನ ಮೀಸೆ ಎಂಗ್ ಬಂತು? ಅವ್ನು ಎಲ್ಗೂ ಓಗಂಗಿಲ್ಲ. ಬಿದ್ದೋನ್ನ ಎಬ್ಬುಸ್ದೆ ದೀಪ ಆರುಸ್ಕಂಡು ಓಗೋ ಜನ್ರ ಸಾವಾಸ ನಮಗ್ಯಾಕೆ?”

ಕಸ್ತೂರಿರಂಗ ಹೊರಗೆ ಓಡಿದ. ಶಿವಣ್ಣ ಎಲ್ಲ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡ. “ಅವತ್ತೇ ಸುಮ್ಕಿರಿ ಅಂತ ಕಣ್ ಒಡದ್ನಲ್ಲ ಮೇಷ್ಟ್ರೇ!”

“ಸುಮ್ಮನಿರೋದೊಂದೇ ನನಗೆ ಬರ್ತಿದ್ದ ವಿದ್ಯೆ. ಅವತ್ತು ಅದೂ ಕೈಕೊಡ್ತು. ಬಾರಯ್ಯ, ಬಿದ್ದೋನು ಇಲ್ಲೇ ಇದ್ದೀಯ, ಬಂದು ಏಳು!”

“ಬರೀ ಪಂಚೇಲಾ?”

ಆದರೂ ಬಂದ. ಬಟ್ಟೆಯ ಮುಂದೆ ಮಣ್ಣಿನ ಮೇಲೆ ಅಂಗಾತ ಮಲಗಿದ.

“ಅಲ್ಲಲ್ಲ ಕಣ್ಲಾ, ಬಲಗಡೀಕೆ ಬಿದ್ದಿದ್ದೆ” ಎಂದಳು ಬೆಟ್ಟಮ್ಮ.

ಶಿವಣ್ಣ ಬಲಕ್ಕೆ ಉರುಳಿದ. ಎದ್ದ. ಧೂಳು ಕೊಡವಿಕೊಳ್ಳದೆ ಮಂಗಳ ಹಾಡಿದ. ಆರತಿಗೆ ಅಂಕಮ್ಮನ ಸೆರಗಿನ ಗಂಟಿನಲ್ಲಿದ್ದ ಕರ್ಪೂರ, ಟೆಂಟಿನವನ ಫಿಲಂ ಡಬ್ಬಿಯ ಮುಚ್ಚಳವೇ ತಟ್ಟೆ, ಹಿಡಿದವನು ಕಸ್ತೂರಿರಂಗ. ಮುಚ್ಚಳ ಕಾಯ್ದು ಬೆರಳು ಚುರ್ರೆಂದರೂ ಬಿಡಲಿಲ್ಲ, ಬಿಡುವ ಧೈರ್ಯವಾಗಲಿಲ್ಲ. ಎರಡನೆಯ ಆಟಕ್ಕೆ ನುಗ್ಗಿದ ಜನ ಹಿಂದಿನಿಂದ ‘ವನ್ಸ್ ಮೋರ್’ ಎಂದು ಕೂಗಿದರು. ಶಿವಣ್ಣ ಅಭ್ಯಾಸಬಲದಿಂದ ಮತ್ತೆ ಮಲಗಲು ಬಗ್ಗಿದ.

“ಬುಡು ಬುಡು, ಒಂದ್ ಕಿತ ಎದ್ರೆ ಸಾಕು” ಎಂದು ಬೆಟ್ಟಮ್ಮ ಅವನ ಬೆನ್ನಿನ ಮಣ್ಣು ಒರೆಸಿದಳು. “ನಾಳೀಕ್ ಓಗಪ್ಪ. ಆದ್ರೆ ಅದ್ಯಾವ್ ಸೀಮೇಲಿ ಸತ್ರೂ ಇಲ್ಗೇ ಬಂದು ಏಳ್ಬೇಕು, ತಿಳೀತಾ?”

ಗುರುವಾರ ಅವನು ರೈಲು ಹತ್ತಿದ. ಆಮೇಲೆ ಇನ್ನೂ ಮೂರು ಚಿತ್ರಗಳಲ್ಲಿ ಸತ್ತ. ಪ್ರತಿಯೊಂದು ಮಳವಳ್ಳಿಗೆ ಬಂದಾಗಲೂ ತಪ್ಪದೆ ಬಂದು ಟೆಂಟಿನಲ್ಲಿ ಎದ್ದು ಹೋದ. ಬೆಟ್ಟಮ್ಮ ಪ್ರತಿ ಸಲವೂ ಮೇಷ್ಟರಿಗೆ ಹೇಳಿ ಕಳಿಸುತ್ತಿದ್ದಳು. ಕಸ್ತೂರಿರಂಗ ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಗಾಡಿ ಹತ್ತುತ್ತಿದ್ದ.