ನಾನು ಸೋಮಾರಿಯಾಗಿರಲಿಲ್ಲ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿತ್ತಾಪುರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮಗಳು ಹುಟ್ಟಿದಾಗ ರಕ್ತ ಬಹಳ ಹೋಗಿತ್ತು. ಎದೆಹಾಲು ಒಂದು ಹನಿಯೂ ಬರಲಿಲ್ಲ, ಮುಟ್ಟು ಮತ್ತೆ ಕಾಣಲಿಲ್ಲ. ಎರಡು ವರ್ಷವಾದರೂ ಮೈಗೆ ಕಸುವು ಬರಲಿಲ್ಲ.

"ನಾ ಐದು ಹಡದೀನಿ, ಹಿಂಗ ಹಾಸಿಗಿ ಹಿಡೀಲಿಲ್ಲ," ಎನ್ನುತ್ತಿದ್ದರು ಅತ್ತೆ.

ನಾನು ಕುಳಿತೇ ಪಾಠ ಮಾಡುತ್ತಿದ್ದೆ. ಒಂದು ದಿನ ಹೆಡ್‌ಮಾಸ್ತರರು ನೋಟಿಸ್ ಮುಂದಿಟ್ಟರು. ನನ್ನದು ಆಲಸ್ಯ ಎಂದು ಬರೆದಿತ್ತು.

"ಸಹಿ ಹಾಕ್ರಿ, ಟೀಚರ್."

"ಹಾಕಂಗಿಲ್ರಿ. ನಂಗ ಏನೋ ಆಗ್ಯಾದ. ಅದೇನಂತ ತಿಳಿಯೋತನ ಆಲಸಿ ಅಂತ ಒಪ್ಕೊಳ್ಳಂಗಿಲ್ಲ."

ಎದ್ದು ತರಗತಿಗೆ ನಡೆದೆ. ಕುರ್ಚಿಯಲ್ಲಿ ಕುಳಿತೇ ಪಾಠ ಮುಂದುವರಿಸಿದೆ.

ಆ ಮಳೆಗಾಲದಲ್ಲಿ ಮನೆಯವರಿಗೆಲ್ಲ ಜ್ವರ ಬಂದು ಮೂರು ದಿನಕ್ಕೆ ಬಿಟ್ಟಿತು. ನಾನು ಮಾತ್ರ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿ ಬಿದ್ದೆ. ಗಂಡ ಜೀಪು ಮಾಡಿಕೊಂಡು ಗುಲ್ಬರ್ಗಕ್ಕೆ ಒಯ್ದರು. ಎಚ್ಚರಾದಾಗ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಹೆರಿಗಿ ಆದಮ್ಯಾಲ ಹಾಲು ಬಂದಿದ್ವೇನು?" ಅಲ್ಲಿಯವರೆಗೆ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ.

ರಕ್ತಪರೀಕ್ಷೆಯ ಫಲಿತಾಂಶ ಬಂದ ಮೇಲೆ ಆಕೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. "ಜ್ವರ ಬರಲಿ, ಅಂಜಿಕಿ ಬರಲಿ, ಮಿದುಳು ಒಂದು ಹಾರ್ಮೋನ್ ಬಿಟ್ಟು ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೇಳ್ತದ. ಆ ಗ್ರಂಥಿ ರಕ್ತದಾಗ ಇನ್ನೊಂದು ಹಾರ್ಮೋನ್ ಕಳಸ್ತದ. ಅದು ಮುಟ್ಟಿದ್ರನೇ ಮೂತ್ರಪಿಂಡದ ಮ್ಯಾಲಿನ ಅಡ್ರಿನಲ್ ಗ್ರಂಥಿ ಜ್ವರ ತಡಕೊಳ್ಳೋ ಕಸುವು ಕೊಡೋ ಕಾರ್ಟಿಸೋಲ್ ಬಿಡ್ತದ. ಹೆರಿಗಿಯಾಗ ರಕ್ತ ಹೋಗಿ ನಿಮ್ಮ ಪಿಟ್ಯುಟರಿ ಕೆಟ್ಟದ. ಹಾಲು ಬರದಿದ್ದದ್ದು, ಮುಟ್ಟು ನಿಂತದ್ದು ಅದಕ್ಕ. ಅಡ್ರಿನಲ್‌ಗೆ ಹೇಳೋರಿಲ್ಲ, ಅದು ಸುಮ್ನ ಕುಂತದ. ಇನ್ನ ಕಾರ್ಟಿಸೋಲ್ ಬದ್ಲಿ ದಿನಾ ಗುಳಿಗಿ ತೊಗೋಬೇಕು. ಜ್ವರ ಬಂದ್ರ ಹೆಚ್ಚು ತೊಗೋಬೇಕು, ಬಿಡಬಾರದು."

ನನಗೆ ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಕೆಲವು ವಾರಗಳಲ್ಲಿ ನಿಂತು ಪಾಠ ಮಾಡುವಷ್ಟಾದೆ. "ಜೀವಮಾನ ಗುಳಿಗಿ ಅಂದ್ರ ನೌಕರಿ ಹೆಂಗ ಮಾಡ್ತೀರಿ?" ಎಂದರು ಹೆಡ್‌ಮಾಸ್ತರರು.

"ನುಂಗೋದು ನಾನ್ರಿ ಸರ್, ನೀವಲ್ಲ," ಎಂದೆ. ಆ ನೋಟಿಸನ್ನು ಅವರೇ ಹರಿದು ಹಾಕುವವರೆಗೆ ಅವರ ಕೋಣೆಯಿಂದ ಕದಲಲಿಲ್ಲ.

ಎರಡನೇ ಮಗು ಆಗಲಿಲ್ಲ. ಒಮ್ಮೆ ಶಹಾಬಾದಿನಲ್ಲಿ ಗಂಡನ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಬಡಿಸುತ್ತಲೇ ಆಕೆ, "ನನ್ನ ತಮ್ಮಗ ಇನ್ನೊಂದು ಲಗ್ನ ಮಾಡಿದ್ರ ತಪ್ಪೇನು?" ಎಂದರು.

"ಅವರಿಗೇ ಕೇಳ್ರಿ. ಖರೆ, ನಾ ನನ್ನ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ," ಎಂದೆ.

"ಆ ಮಾತು ಇನ್ನೊಮ್ಮಿ ಬ್ಯಾಡ, ಅಕ್ಕಾ," ಎಂದರು ಗಂಡ, ತಟ್ಟೆಯಿಂದ ಕೈ ತೆಗೆದು.

ನನಗೆ ಹಸಿವಾಗಿತ್ತು. ಇನ್ನೊಂದು ರೊಟ್ಟಿ ನಾನೇ ಹಾಕಿಕೊಂಡೆ.