ಅಂಬಿಗನ ಕಥೆ, ಬಸವರಾಜರ ಕೈ

ತೆಲಂಗಾಣ ರಾಜ್ಯವಾದ ಮೂರನೆಯ ವರ್ಷ. ನಾನು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟ್ರೈನಿಂಗ್ ಆಫೀಸರ್. ಸುರಕ್ಷತಾ ದಿನದ ಭಾಷಣ ಸ್ಪರ್ಧೆಗೆ ವಿಭಾಗಕ್ಕೊಬ್ಬರಂತೆ ನೌಕರರನ್ನು ತಯಾರು ಮಾಡುವ ಹೊಣೆ ನನ್ನ ತಲೆಗೆ ಬಂತು. ಭಾಷಣ ಕಲೆಯ ದಪ್ಪ ಪುಸ್ತಕಗಳನ್ನು ತಿರುವಿ ಹಾಕಿದೆ. ಹೇಳಬೇಕಾದ್ದನ್ನು ಹುಡುಕಿ, ಮಾತು ಕಟ್ಟುವುದನ್ನು ಅವು ನಿಧಾನವಾಗಿ ಕಲಿಸುತ್ತಿದ್ದವು, ನನಗೋ ಅವಸರ. ನಾಂಪಲ್ಲಿ ಎಕ್ಸಿಬಿಷನ್ನಿನಲ್ಲಿ ಸಿದ್ಧ ಭಾಷಣಗಳ ತೆಳ್ಳನೆಯ ಹಿಂದಿ ಪುಸ್ತಕವೊಂದು ಸಿಕ್ಕಿತು. ಅದನ್ನೇ ಆರಿಸಿ ಎಲ್ಲ ವಿಭಾಗಗಳಿಗೂ ಹಂಚಿದೆ. ಕೆಲಸ ಹಗುರವಾಯಿತೆಂದು ಬೀಗಿದ್ದೂ ಉಂಟು.

ಲೋಹದ ತಗಡು ಒತ್ತುವ ಪ್ರೆಸ್ ವಿಭಾಗದಿಂದ ಬಂದವರು ಬೀದರ್ ಕಡೆಯ ಬಸವರಾಜ. ಅಲ್ಲಿನ ಒಂದು ಯಂತ್ರಕ್ಕೆ ಕೈ ಒಳಹೋಗದಂತೆ ತಡೆಯುವ ಗಾರ್ಡ್ ಇರಲಿಲ್ಲ. ಅವರ ಎರಡು ಬೆರಳು ಅದಕ್ಕೇ ಬಲಿಯಾಗಿದ್ದವು.

"ಜಿ.ಎಂ. ಸಾಹೇಬರು ಭಾಷಣದ ದಿನ ಒಂದಿನ ನಮ್ಮ ಮಾತ ಕೇಳ್ತಾರ್ರಿ ಸರ್. ಗಾರ್ಡ್ ಹಾಕಸ್ರಿ ಅಂತ ಹೇಳ್ತೀನಿ," ಎಂದರು.

"ಸ್ವಂತ ಗೋಳಿನಿಂದ ಶುರು ಮಾಡಬಾರದು ಬಸವರಾಜ್. ಮೊದಲು ಈ ಕಥೆ ಹೇಳಿ," ಎಂದು ಪುಸ್ತಕ ತೆರೆದೆ. ತೂತು ಕಂಡೂ ದೋಣಿ ಹತ್ತಿ ಮುಳುಗಿದ ಅಂಬಿಗನ ಕಥೆ. ಪಾಪ, ಬಾಯಿಪಾಠ ಮಾಡಿದರು. ಉಳಿದವರಿಗೂ ಅದೇ ಕಥೆಗೆ ಗುರುತು ಹಾಕಿಕೊಟ್ಟಿದ್ದೇನೆಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಸ್ಪರ್ಧೆಯ ದಿನ ಮೊದಲನೆಯವರು ಅಂಬಿಗನನ್ನು ದೋಣಿ ಹತ್ತಿಸಿದರು. ಎರಡನೆಯವರೂ ಹತ್ತಿಸಿದರು. ಮೂರನೆಯವರ ಕಥೆಯನ್ನು ಸಭೆಯೇ ಹೇಳಿ ಮುಗಿಸಿತು. ಜಿ.ಎಂ. ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಬಸವರಾಜ ಎದ್ದರು. ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಯಾರೋ "ಡೂಬ್ ಗಯಾ ಭಾಯ್!" ಎಂದು ಕೂಗಿ ಅಂಬಿಗನನ್ನು ಮುಳುಗಿಸಿಬಿಟ್ಟರು. ಬಸವರಾಜ ಹಿಡಿದ ಮೈಕನ್ನು ಅಲ್ಲೇ ಇಟ್ಟು ಕೆಳಗಿಳಿದುಬಿಟ್ಟರು. ನಾನು ಎದ್ದು ನಗು ನಿಲ್ಲಿಸಬಹುದಿತ್ತು. ನಾಚಿಕೆಯಿಂದ ನೆಲ ನೋಡುತ್ತ ಕೂತೆ.

ಹೊರಗೆ "ತಪ್ಪಾಯ್ತು" ಎಂದೆ. ಅವರು ಬೈಯಲಿಲ್ಲ.

"ಕತಿ ಎಲ್ಲಾರದೂ ಒಂದ ಆತ್ರಿ ಸರ್. ಕೈ ಮಾತ್ರ ನಂದ ಐತಿ."

ಮರುದಿನ ನಾನೇ ಅವರನ್ನು ಜಿ.ಎಂ. ಕೊಠಡಿಗೆ ಕರೆದೊಯ್ದೆ. "ಓಹೋ, ಅಂಬಿಗರು ಬಂದರು!" ಎಂದು ಸಾಹೇಬರು ಮತ್ತೆ ನಕ್ಕರು. ಗಾರ್ಡಿನ ಮಾತು ಆ ನಗುವಿನಲ್ಲೇ ತೇಲಿಹೋಯಿತು. ಗಾರ್ಡ್ ಬಂದದ್ದು ಮುಂದಿನ ವರ್ಷ, ಅದೇ ಯಂತ್ರದಲ್ಲಿ ಇನ್ನೊಬ್ಬರ ಬೆರಳು ಹೋದ ಮೇಲೆ.

ಭಾಷಣ ಕಲಿಸಲು ಯಾವ ಪುಸ್ತಕ ಒಳ್ಳೆಯದೆಂದು ಈಗಲೂ ಕೆಲವರು ಕೇಳುತ್ತಾರೆ. ಕಲಿಯುವವರಿಗೆ ಹೇಳಲಿಕ್ಕೆ ಏನಿದೆ ಎಂದು ಮೊದಲು ಕೇಳಿ ಬನ್ನಿ, ಪುಸ್ತಕ ಆಮೇಲೆ ನೋಡೋಣ ಎನ್ನುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಬುದ್ಧಿ ಬಂದದ್ದು ನನಗೆ. ಕೆಟ್ಟದ್ದು ಬೇರೆಯವರ ಕೈ.