ಸಾವಕಾರರ ಕಾಯಿ, ಶಶಿಯ ಬ್ರೇಕು

ನನ್ನ ಮೇಜಿನ ಮೇಲೆ ಈಗ ಅರ್ಧ ತೆಂಗಿನಕಾಯಿ ಇದೆ. ಬೆಳಿಗ್ಗೆ ಎದುರು ಮನೆಯಲ್ಲಿ ಕಾರಿನ ಪೂಜೆ ಇತ್ತು, ಪ್ರಸಾದವೆಂದು ಕೊಟ್ಟರು. ಹಸಿ ಕಾಯಿಯ ವಾಸನೆಗೆ ಹೊಸ ಟೈರಿನ ವಾಸನೆ ಬೆರೆತರೆ ಒಂದು ವಿಚಿತ್ರ ಪರಿಮಳ ಹುಟ್ಟುತ್ತದೆ. ಯಾವ ಅತ್ತರಿನ ಅಂಗಡಿಯವನೂ ಅದನ್ನು ಮಾರುವ ಧೈರ್ಯ ಮಾಡಿಲ್ಲ. ನನ್ನ ಅಂಗಿಗೆ ಅದು ಇನ್ನೂ ಅಂಟಿಕೊಂಡಿದೆ. ಪೂಜೆ ಮುಗಿದ ಮೇಲೆ ನಾನು ಕಸಬರಿಗೆ ಹಿಡಿದು ರಸ್ತೆ ಗುಡಿಸಿದೆನೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾಳೆ ಬೇರೆಯವರ ಬಾಯಿಂದ ನೀವು ಕೇಳುವುದಕ್ಕಿಂತ ಅದು ಲೇಸು. ತೆಲಂಗಾಣದ ಗಡಿಯ ಮಕ್ತಲ್‌ನ ಮಕ್ಕಳಿಗೆ ಒಂದು ಆಯುಷ್ಯವಿಡೀ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನೊಬ್ಬ ನಡುಬೀದಿಯಲ್ಲಿ ಕಾಯಿಚಿಪ್ಪು ಗುಡಿಸಬೇಕಾದರೆ ಅದಕ್ಕೊಂದು ಪೂರ್ವಕಥೆ ಇರಲೇಬೇಕಲ್ಲವೆ?

ಕಾರು ಶಶಿಧರನದು. ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಒಂದು ಕಾಲದಲ್ಲಿ ಅವನು ರೇಸಿನ ಕಾರು ಓಡಿಸುತ್ತಿದ್ದ ಎಂದರೆ ಹೊರಗಿನವರು ಅವನನ್ನು ಮೇಲಿಂದ ಕೆಳಗಿನ ತನಕ ನೋಡುತ್ತಾರೆ. ಆಮೇಲೆ ನನ್ನನ್ನು ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಶಶಿ ಊರೊಳಗೆ ಹೋಗುವ ವೇಗಕ್ಕೆ ಮದುವೆಯ ಮೆರವಣಿಗೆಯೂ ಅವನನ್ನು ಹಿಂದೆ ಹಾಕೀತು.

ಅವನ ಅಜ್ಜ ಬಸಲಿಂಗಪ್ಪ ಸಾವಕಾರರು. ನಾರಾಯಣಪೇಟೆಯ ಸೀರೆ, ಗದ್ವಾಲ್ ಸೀರೆಗಳ ವ್ಯಾಪಾರ. ನಿಜಾಮರ ಕಾಲದ ಕೊನೆಯ ತುದಿಯಲ್ಲಿ ಶಾಲೆಗೆ ಹೋದವರಾದ್ದರಿಂದ ಅಕ್ಷರ ಕಲಿತದ್ದು ಉರ್ದುವಿನಲ್ಲಿ, ಪೇಪರ್ ಓದುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಕನ್ನಡದ ಅಕ್ಷರ ಬಾರದು. ಈ ಪ್ರಬಂಧವನ್ನು ನಾನು ನಿರ್ಭಯವಾಗಿ ಬರೆಯುತ್ತಿರುವುದಕ್ಕೆ ಈ ಭಾಷಾವಾರು ವಿಂಗಡಣೆಯೇ ಕಾರಣ. ನೀವು ಮಾತ್ರ ಮಕ್ತಲ್‌ಗೆ ಬಂದಾಗ ದಯವಿಟ್ಟು ಬಾಯಿ ಬಿಡಬೇಡಿ.

ಶಶಿ ಸ್ಟೇರಿಂಗ್ ಹಿಡಿದದ್ದು ಗದ್ವಾಲ್ ರಸ್ತೆಯಲ್ಲಿ. ಮೀಸೆ ಮೂಡುವ ಹೊತ್ತಿಗೆ ಅಂಗಡಿಯ ಜೀಪು ಅವನ ಪಾಲಿಗೆ ಬಂತು. ನೇಕಾರರ ಮನೆಗಳಿಂದ ಸೀರೆ ತರಬೇಕು. ಮಡಿಸಿದ ಸೀರೆಗಳನ್ನು ಹಿಂದಿನ ಸೀಟಿನ ಮೇಲೆ ಒಂದರ ಮೇಲೊಂದು ಪೇರಿಸಿ, ಶಶಿಯ ಪಕ್ಕದಲ್ಲಿ ಸಾವಕಾರರು ಕೂರುತ್ತಿದ್ದರು. ಹಗ್ಗ ಕಟ್ಟುವಂತಿಲ್ಲ, ಗುರುತು ಬೀಳುತ್ತದೆ. ಮಕ್ತಲ್ ಮುಟ್ಟುವತನಕ ಒಂದು ಮಡಿಕೆಯೂ ಜಾರಬಾರದು. ಸಾವಕಾರರು ಮುಂದಿನ ದಾರಿಯನ್ನು ನೋಡಿದ್ದೇ ಇಲ್ಲ. ಅವರ ಕಣ್ಣೆಲ್ಲ ಹಿಂದೆ.

"ಯಪ್ಪಾ, ಸೀರಿ ಅಳ್ಳಾಡಿತು ನೋಡು. ಬ್ರೇಕ್ ಹಿಡ್ಯಾಕತ್ತಿಯೋ, ಎಮ್ಮಿಗೆ ಒದ್ಯಾಕತ್ತಿಯೋ?"

ಹೀಗೆ ಕಲಿತ ಹುಡುಗ ಹೈದರಾಬಾದಿಗೆ ಓದಲು ಹೋಗಿ, ಗೋ-ಕಾರ್ಟ್ ಎಂಬ ಬಾಗಿಲಿಲ್ಲದ ಪುಟ್ಟ ಬಂಡಿಗಳನ್ನು ಓಡಿಸುವ ಕಡೆ ಸೇರಿ, ಅಲ್ಲಿ ಯಾರದೋ ಕಣ್ಣಿಗೆ ಬಿದ್ದು, ಕೊನೆಗೆ ಒಬ್ಬರೇ ಕೂರುವ ರೇಸಿನ ಕಾರಿನೊಳಗೆ ಇಳಿದ. ಹತ್ತಿದ ಎನ್ನುವಂತಿಲ್ಲ, ಅದರೊಳಗೆ ಇಳಿಯಬೇಕು, ಹೆಚ್ಚುಕಡಿಮೆ ಮಲಗಬೇಕು. ಕಿರಿಯರ ದರ್ಜೆಯ ರೇಸು. ದೊಡ್ಡ ಪತ್ರಿಕೆಗಳಲ್ಲಿ ಅದರ ಸುದ್ದಿ ಬರುವುದು ಚದುರಂಗದ ಕೆಳಗೆ, ಹವಾಮಾನದ ಮೇಲೆ. ಆದರೂ ನಮ್ಮ ಓಣಿ ಹಿಗ್ಗಿತು. ಅವನು ಕಾರಿನ ಫೋಟೋ ಕಳಿಸಿದಾಗ ಸಾವಕಾರರ ಕಟ್ಟೆಯ ಮೇಲೆ ಗಂಭೀರವಾದ ವಿಚಾರಣೆ ನಡೆಯಿತು.

"ಒಬ್ಬನ ಕುಂದ್ರತಾನಂತಲ್ರಿ ಮಾಸ್ತರ. ಇಷ್ಟು ಉದ್ದ ಐತಿ, ಉಳದ ಮಂದಿ ಎಲ್ಲಿ ಕುಂದ್ರಬೇಕು?"

ಒಂದು ಜೀಪಿನಲ್ಲಿ ಹದಿನಾಲ್ಕು ಮಂದಿ ಮರಿಕಲ್ ಸಂತೆಗೆ ಹೋಗುವ ಸೀಮೆಯಿದು.

"ಹಾರನ್ ಎಲ್ಲೈತಿ?"

"ಹಾರನ್ ಇರಂಗಿಲ್ಲಂತ್ರಿ."

"ಹಾರನ್ ಇಲ್ಲದ ಮ್ಯಾಲ ಮುಂದಿನಾವ ಹ್ಯಾಂಗ ಸರೀತಾನ್ರಿ? ಇದ್ಯಾವ ದಸ್ತೂರು?"

ಆ ದಸ್ತೂರನ್ನು ತಿಳಿಯಲೆಂದೇ ಎಂಬಂತೆ, ಎರಡನೆಯ ವರ್ಷದ ಕೊನೆಯ ರೇಸಿಗೆ ನಾನೂ ಸಾವಕಾರರೂ ಚೆನ್ನೈ ಕಡೆಗೆ ಹೊರಟೆವು. ಶಶಿಯ ಮುಂದಿನದೆಲ್ಲ ಆ ರೇಸಿನ ಮೇಲೆ ನಿಂತಿತ್ತು. ಮೊದಲು ಬಂದವನಿಗೆ ಮುಂದಿನ ವರ್ಷ ಅದಕ್ಕಿಂತ ದೊಡ್ಡ ಕಾರಿನಲ್ಲಿ ಜಾಗ, ಖರ್ಚೆಲ್ಲ ರೇಸು ನಡೆಸುವವರದೇ. ಎರಡನೆಯವನಿಗೆ ಕೈಕುಲುಕಿ ಮನೆಯ ದಾರಿ. ಶಶಿಯ ಮನೆಯವರು ಮಾಡಬಹುದಾದಷ್ಟನ್ನೂ ಮಾಡಿ ಮುಗಿಸಿದ್ದರು. ಇನ್ನೊಂದು ವರ್ಷ ಅವರ ಕೈಲಿ ಆಗುವ ಮಾತಲ್ಲವೆಂದು ಅವನಿಗೂ ಗೊತ್ತಿತ್ತು. ಸಾವಕಾರರು ಮನೆಯ ಕಾಯಿ, ನಿಂಬೆಹಣ್ಣು, ವಿಭೂತಿ, ಊದುಬತ್ತಿಗಳ ಚೀಲ ಹೊತ್ತಿದ್ದರು. ನನ್ನನ್ನು ಕರೆದೊಯ್ದದ್ದು ದುಭಾಷಿಯಾಗಿ. ಅಲ್ಲಿ ಎಲ್ಲರೂ ತಮಿಳು ಆಡುತ್ತಿದ್ದರು. ನನಗೆ ತಮಿಳು ಬರುತ್ತದೆಯೇ ಎಂದು ಸಾವಕಾರರು ಕೇಳಿರಲಿಲ್ಲ, ಬರುವುದಿಲ್ಲವೆಂದು ನಾನೂ ಹೇಳಿರಲಿಲ್ಲ.

ಟ್ರ್ಯಾಕಿನ ಪಕ್ಕದ ಶೆಡ್ಡಿನಲ್ಲಿ ಶಶಿಯ ಕಾರು ನಿಂತಿತ್ತು. ನನ್ನ ಮೊಣಕಾಲೆತ್ತರಕ್ಕೆ ಸ್ವಲ್ಪ ಮೇಲೆ. ಸಾವಕಾರರು ಅದನ್ನು ಸುತ್ತು ಬಂದರು. ಮೂತಿಗೆ ವಿಭೂತಿ ಬಳಿದರು. ನಮ್ಮ ಕಡೆ ಗಾಡಿಪೂಜೆಯೆಂದರೆ ಕಾಯಿಯನ್ನು ಗಾಲಿಯ ಮುಂದೆ ನೆಲಕ್ಕೇ ಒಡೆಯಬೇಕು, ಗಾಡಿ ಆ ಜಾಗದ ಮೇಲಿಂದಲೇ ಮುಂದಕ್ಕೆ ಹೋಗಬೇಕು. ಮೂಲೆಯಲ್ಲಿ ಒಡೆದು ತಟ್ಟೆಯಲ್ಲಿಡುವುದು ನಾಜೂಕು ಜನರ ಪದ್ಧತಿ. ಸಾವಕಾರರು ಮುಂದಿನ ಎಡಗಾಲಿಯ ಎದುರಿಗೆ ನಿಂತು, ತಮ್ಮ ವಯಸ್ಸನ್ನು ಮರೆತು ಬಡಿದರು. ಕಾಯಿ ಪುಡಿಪುಡಿಯಾಯಿತು. ಶೆಡ್ಡಿನ ಹುಡುಗರೂ ಕೈಮುಗಿದರು. ಆ ಹೊತ್ತಿಗೇ ಕರೆ ಬಂದು ಶಶಿ ಕಾರನ್ನು ಹೊರಗೆ ತೆಗೆದ.

ರೇಸನ್ನು ನಾನು ವರ್ಣಿಸಲಾರೆ. ಒಂದೊಂದು ಸಲ ಸದ್ದು ಬರುತ್ತಿತ್ತು. ಸದ್ದಿನ ಕಡೆ ತಿರುಗುವಷ್ಟರಲ್ಲಿ ಕಾರು ಇರುತ್ತಿರಲಿಲ್ಲ. ಆದರೆ ನಮ್ಮ ಎದುರಿನ ತಿರುವಿನಲ್ಲಿ ಎಲ್ಲರ ಕಾರುಗಳೂ ಬ್ರೇಕು ಹಿಡಿದಾಗ ಮುಗ್ಗರಿಸಿದಂತೆ ಮೂಗು ಬಗ್ಗಿಸುತ್ತಿದ್ದವು. ಶಶಿಯದು ಮಾತ್ರ ದೇವರಿಗೆ ತಲೆಬಾಗುವಂತೆ ಬಾಗುತ್ತಿತ್ತು. ಮೂರನೆಯವನಾಗಿ ಹೊರಟವನು ಹಾರನ್ನಿಲ್ಲದೆಯೇ ಒಬ್ಬನನ್ನು ದಾಟಿದ, ಮತ್ತೊಬ್ಬನನ್ನು ದಾಟಿದ. ಸಾವಕಾರರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅದರ ನೋವನ್ನು ಮನೆಯ ತನಕ ತಂದೆ. ರೇಸು ಇನ್ನೇನು ಮುಗಿಯಬೇಕು. ಮೊದಲಿಗನಾಗಿಯೇ ಆ ತಿರುವಿಗೆ ಬಂದ ಕಾರು ಎಡಕ್ಕೆ ವಾಲಿತು. ತಿರುವು ಕೈಬಿಟ್ಟು ಮಣ್ಣಿಗೆ ಇಳಿಯಿತು. ನಿಂತುಬಿಟ್ಟಿತು. ಒಂದೊಂದಾಗಿ ಉಳಿದ ಕಾರುಗಳು ಹೋದವು.

ನಾವು ಶೆಡ್ಡಿಗೆ ಹೋದಾಗ ಮೆಕ್ಯಾನಿಕ್ ಒಬ್ಬ ಕೈಯಲ್ಲಿ ಏನನ್ನೋ ಹಿಡಿದು ಶಶಿಯೊಡನೆ ಆವೇಶದಿಂದ ಮಾತಾಡುತ್ತಿದ್ದ. ನಮ್ಮನ್ನು ಕಂಡ ಶಶಿ ಅದನ್ನು ಕಸಿದು ಜೇಬಿಗೆ ಹಾಕಿಕೊಂಡ. ಆ ಮನುಷ್ಯ ನನ್ನ ಕಡೆ ತಿರುಗಿ ಉಳಿದ ಆವೇಶವನ್ನೆಲ್ಲ ತೀರಿಸಿದ. ನಾನು ತಲೆದೂಗಿದೆ.

"ಏನಂತಾನ್ರಿ ಮಾಸ್ತರ?"

"ಹುಡುಗಗ ಮುಂದ ಚಲೋ ಐತಿ ಅಂತಾನ್ರಿ."

ನನ್ನ ದುಭಾಷಿ ವೃತ್ತಿ ಅಲ್ಲಿಗೆ ಮುಗಿಯಿತು. ಸಾವಕಾರರು ಮೊಮ್ಮಗನ ಮುಖವನ್ನು ನೋಡಿದರು.

"ಏನಾತೋ ಶಶಿ?"

"ಬ್ರೇಕ್ ತಡಾ ಆತಜ್ಜ. ನಂದಽ ತಪ್ಪು."

ಸಾವಕಾರರು ಸುಳ್ಳು ಹೇಳುವವರಲ್ಲ. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ದೊಡ್ಡ ಕಾರಿನ ಜಾಗ ಬೇರೆ ಹುಡುಗನಿಗೆ ಹೋಯಿತು. ಶಶಿ ಮಕ್ತಲ್‌ಗೆ ಬಂದ. ಬರುವ ಮೊದಲೇ ಅವನಿಗೆ ಹೊಸ ಹೆಸರು ಬಂದಿತ್ತು: ತಡಾ ಬ್ರೇಕ್. ಅಂಥ ಹೆಸರು ಹೊತ್ತ ಮನುಷ್ಯ ಬಳೆಯ ಅಂಗಡಿ ಇಡಬಹುದು, ಹತ್ತಿಯ ವ್ಯಾಪಾರ ಮಾಡಬಹುದು. ಇವನು ಹೋಗಿ ಡ್ರೈವಿಂಗ್ ಸ್ಕೂಲ್ ತೆಗೆದ!

"ತನಗಽ ಬ್ರೇಕ್ ಹಿಡ್ಯಾಕ ಬರಂಗಿಲ್ಲ, ಊರಿಗೆ ಕಲಸ್ತಾನಂತ," ಎಂದು ಚಹಾದಂಗಡಿಯಲ್ಲಿ ನಕ್ಕರು. ಮೊದಲ ಕೆಲವು ತಿಂಗಳು ಅವನ ಕಾರಿನಲ್ಲಿ ಅವನೊಬ್ಬನೇ ಇರುತ್ತಿದ್ದ. ಅಭ್ಯಾಸವಿತ್ತಲ್ಲ, ಒಬ್ಬನೇ ಕೂರುವುದು.

ಅವನ ಕಲಿಸುವ ಕ್ರಮವೂ ನಗೆಗೆ ಎಡೆಯಾಯಿತು. ರೇಸಿನವರು ಓಡುವ ಮೊದಲು ಟ್ರ್ಯಾಕನ್ನು ಒಂದು ಸಲ ನಡೆದು ನೋಡುತ್ತಾರಂತೆ. ಶಶಿ ಆ ನೇಮವನ್ನು ಮಕ್ತಲ್‌ಗೆ ತಂದ. ಕಲಿಯಲು ಬಂದವರು ಮೊದಲ ದಿನ ಕಾರು ಮುಟ್ಟುವಂತಿಲ್ಲ. ಬಸ್ ಸ್ಟ್ಯಾಂಡಿನಿಂದ ನಾರಾಯಣಪೇಟೆ ರಸ್ತೆಯ ತಿರುವಿನವರೆಗೆ ಅವನ ಜೊತೆ ನಡೆಯಬೇಕು. ಎಲ್ಲಿ ರಸ್ತೆ ಒಂದು ಕಡೆ ಇಳಿದಿದೆ, ಯಾವ ಸಂದಿಯಿಂದ ಎಮ್ಮೆ ಬರುತ್ತದೆ, ಶಾಲೆ ಬಿಟ್ಟ ಮಕ್ಕಳು ಯಾವ ಕಡೆ ನೋಡದೆ ಓಡುತ್ತಾರೆ, ಎಲ್ಲ ನೋಡಬೇಕು. ನಾನೂ ನಡೆದಿದ್ದೇನೆ. ನಿವೃತ್ತನಾದ ಮೇಲೆ ಹಳೆಯ ಕಾರೊಂದನ್ನು ಕೊಂಡು, ಅರವತ್ತು ದಾಟಿದ ಕೈಕಾಲುಗಳಿಗೆ ಹೊಸ ವಿದ್ಯೆ ಕಲಿಸುವ ಹುಚ್ಚು ಹಿಡಿದಿತ್ತು. ಕಟ್ಟೆಯ ಮೇಲಿಂದ ಸಾವಕಾರರು ಕೂಗುತ್ತಿದ್ದರು:

"ಏನ್ರಿ ಮಾಸ್ತರ, ಗೇರ್ ಹಾಕಾಕ ಬಂತೇನು? ಇನ್ನಾ ನಡ್ಯಾಕಽ ಕಲ್ಯಾಕತ್ತೀರೇನು?"

ಶಶಿಯ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಉಳಿದವರು ದೇವರನ್ನಿಡುವ ಜಾಗದಲ್ಲಿ, ಹೆಬ್ಬೆರಳ ಉಗುರಿನಷ್ಟು ಒಂದು ಕಾಯಿಚಿಪ್ಪಿನ ಚೂರು ಅಂಟಿಸಿದೆ. ಕಲಿಯಲು ಬರುವ ಹೆಣ್ಣುಮಕ್ಕಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನೂ ಒತ್ತಿಕೊಂಡಿದ್ದೇನೆ. ಯಾವ ಕ್ಷೇತ್ರದ್ದೆಂದು ಯಾರೂ ಕೇಳಿರಲಿಲ್ಲ.

ಒಂದು ದಿನ ಗದ್ವಾಲ್ ಕಡೆ ಹೋಗುವಾಗ, ಜುರಾಲ ಡ್ಯಾಮು ದಾಟಿದ ಮೇಲೆ, ನನ್ನ ಕೈಯಲ್ಲಿದ್ದ ಶಶಿಯ ಕಾರು ಎಡಕ್ಕೆ ಎಳೆಯತೊಡಗಿತು. ನಾನು ಅದನ್ನು ವಯಸ್ಸಿನ ದೋಷವೆಂದುಕೊಂಡೆ. ಶಶಿ ಇಳಿದು ನೋಡಿದ, ಜಾಲಿ ಮುಳ್ಳು. ಗಾಲಿ ಬದಲಿಸುವಾಗ ತಾನಾಗಿಯೇ ಅಂದ:

"ಅವತ್ತೂ ಹಿಂಗಽ ಎಳೀತ್ರಿ, ಸರ್."

ನನಗೆ ಒಮ್ಮೆಲೇ ಆ ಮೆಕ್ಯಾನಿಕ್‌ನ ಕೈ ನೆನಪಾಯಿತು. ಡ್ಯಾಶ್‌ಬೋರ್ಡ್ ನೋಡಿದೆ, ಅವನನ್ನು ನೋಡಿದೆ. ರೇಸಿನ ಟೈರಿಗೆ ಗೆರೆಗಳಿರುವುದಿಲ್ಲವಂತೆ. ನುಣುಪು, ಬಿಸಿಯಾದಷ್ಟೂ ಮೆತ್ತಗೆ. ದಾರಿಯಲ್ಲಿ ಸಿಕ್ಕದ್ದನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಶೆಡ್ಡಿನಲ್ಲೇ ಗಾಲಿಗೆ ಹತ್ತಿದ ಕಾಯಿಚಿಪ್ಪಿನ ಚೂರು ಸುತ್ತು ಸುತ್ತಿಗೂ ಒಳಗಿಳಿದು, ಗಾಳಿಯನ್ನು ನಿಧಾನವಾಗಿ ಬಿಟ್ಟಿತ್ತು.

"ಮತ್ತ ಬ್ರೇಕ್ ತಡಾ ಆತು ಅಂದಿ?"

"ಅಜ್ಜ ಮುಂದಽ ನಿಂತಿದ್ದರಲ್ರಿ. ಏನನ್ಲಿ?"

ನಟ್ಟು ಬಿಗಿದ. ಕೈ ಒರೆಸಿಕೊಂಡ. "ಯಾರಿಗೂ ಅನಬ್ಯಾಡ್ರಿ. ಹಾಂ, ಈಗ ಮಿರರ್ ನೋಡಿ ತಗೀರಿ," ಎಂದ.

ನನಗೆ ನಾಚಿಕೆಯಾದದ್ದು ಆ ಸುಳ್ಳನ್ನು ನಂಬಿದ್ದಕ್ಕೆ. ಗದ್ವಾಲ್‌ನಿಂದ ಮಕ್ತಲ್‌ವರೆಗೆ ಒಂದು ಸೀರೆಯ ಮಡಿಕೆ ಜಾರಿಸದವನು ಬ್ರೇಕು ತಡವಾಗಿ ಹಿಡಿಯುತ್ತಾನೆಯೆ? ಹಿಂದಿನ ಸೀಟಿನ ಮೇಲೆ ಕಣ್ಣಿಟ್ಟು ಅವನನ್ನು ತಿದ್ದಿದ ಸಾವಕಾರರಿಗಾದರೂ ಹೊಳೆಯಬೇಕಿತ್ತು.

ಅವನ ಶಾಲೆ ನಿಧಾನವಾಗಿ ಬೆಳೆಯಿತು. ಅವನಿಂದ ಕಲಿತವರು ಎಲ್ಲೂ ಗುದ್ದಲಿಲ್ಲ, ಅಷ್ಟೇ. ಆಸ್ಪತ್ರೆಯ ನರ್ಸಮ್ಮ ಕಲಿತರು, ಬಟ್ಟೆಯಂಗಡಿಯ ಸೊಸೆಯಂದಿರು ಕಲಿತರು, ನಕ್ಕ ಚಹಾದಂಗಡಿಯವನೂ ಕಲಿತ. 'ತಡಾ ಬ್ರೇಕ್' ಎಂಬ ಹೆಸರು ಮಾತ್ರ ಉಳಿಯಿತು. ಈಗ ಅದನ್ನು ಪ್ರೀತಿಯಿಂದ ಕರೆಯುತ್ತಾರೆ. ಅವನು ಓಗೊಡುತ್ತಾನೆ. ರೇಸಿನಲ್ಲಿ ಗೆದ್ದವರ ಹೆಸರುಗಳನ್ನು ಹಲಗೆಯ ಮೇಲೆ ಬರೆದಿಡುತ್ತಾರಂತೆ. ಇಷ್ಟು ವರ್ಷ ಒಂದು ಅಡ್ಡಹೆಸರಿಗೆ ನಗುತ್ತ ಓಗೊಟ್ಟವನಿಗೆ ಯಾವ ಹಲಗೆ ಸಾಕಾದೀತು, ನನಗೆ ತಿಳಿಯದು.

ಇವತ್ತು ಬೆಳಿಗ್ಗೆ ಶಾಲೆಯ ಎರಡನೆಯ ಕಾರು ಬಂತು. ಓಣಿಯೆಲ್ಲ ಸೇರಿತ್ತು. ತೊಂಬತ್ತರ ಹತ್ತಿರದ ಸಾವಕಾರರನ್ನು ಕುರ್ಚಿಯಲ್ಲಿ ತಂದು ಕೂಡಿಸಿದರು. ಶಶಿ ಅವರ ಕೈಗೆ ಕಾಯಿ ಕೊಟ್ಟ. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು. ಮತ್ತೆ ಅಲ್ಲಾಡಿಸಿದರು. ಆಮೇಲೆ ವಾಪಸು ಚಾಚಿದರು.

"ನನ್ನ ಕೈಲೆ ಬ್ಯಾಡಪ. ಬ್ಯಾರೇದಾರ ಕೈಲೆ ಒಡಸು."

"ಯಾಕಜ್ಜ?"

"ಅವತ್ತು ಒಡದ ಕಾಯಿ ನಾ ನೋಡ್ಲಿಲ್ಲೋ. ಪುಡಿಪುಡಿ ಆತು, ನೀ ಗಾಡಿ ತಗದಿ. ಒಳಗ ಕೆಟ್ಟಿತ್ತೇನೋ. ಕೆಟ್ಟ ಕಾಯಿ ಒಡದು ಕಳಿಸಿದೆನೇನೋ ನಿನ್ನ."

ಯಾವಾಗಲೂ ಗದರುವ ಆ ದನಿ ಹಾಗೆ ಇಳಿದದ್ದನ್ನು ನಾನು ಕೇಳಿರಲಿಲ್ಲ. ಅಂದರೆ ಈ ಮುದುಕರು ಇಷ್ಟು ವರ್ಷ ಇದನ್ನೇ ಎದೆಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು! ಬ್ರೇಕಿನ ಮಾತನ್ನು ಅವರೂ ಪೂರ್ತಿ ನಂಬಿರಲಿಲ್ಲ. ಸತ್ಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಶಶಿಯ ಹೆಸರಿಗಂಟಿದ ಕಳಂಕ ಆ ಕ್ಷಣವೇ ತೊಳೆದುಹೋಗುತ್ತಿತ್ತು. ಇಡೀ ಓಣಿಯೇ ಸಾಕ್ಷಿಗೆ ಇತ್ತು. ಶಶಿ ನನ್ನ ಕಡೆ ಒಮ್ಮೆ ನೋಡಿದ. ಕುರ್ಚಿಯ ಮುಂದೆ ಮೊಣಕಾಲೂರಿ ಕೂತ.

"ಕಾಯಿ ಚಲೋ ಇತ್ತಜ್ಜ. ನಾ ಒಂದು ಚೂರು ಆರಿಸಿ ಬಾಯಾಗ ಹಾಕ್ಕೊಂಡಿದ್ದೆ. ಸಿಹಿ ಇತ್ತು."

"ಖರೇನ?"

"ನಿನ್ನಾಣೆ. ಬ್ರೇಕಽ ತಡಾ ಆತು."

ಸಾವಕಾರರನ್ನು ಎಬ್ಬಿಸಿ, ತೋಳು ಹಿಡಿದು, ಅವನೇ ಅವರನ್ನು ಮುಂದಿನ ಎಡಗಾಲಿಯ ಎದುರಿಗೆ ನಿಲ್ಲಿಸಿದ. ಬೇರೆಲ್ಲೂ ಅಲ್ಲ. ಅವರ ಮುಂಗೈಯನ್ನು ತನ್ನ ಕೈಯಲ್ಲಿ ಹಿಡಿದ. ಇಬ್ಬರ ಕೈಯೂ ಒಟ್ಟಿಗೆ ಮೇಲೆದ್ದು ಇಳಿಯಿತು. ಒಳಗೆ ಬೆಳ್ಳಗೆ, ಚೊಕ್ಕ ಕಾಯಿ. ಸಾವಕಾರರು ಒಂದು ಹೋಳನ್ನು ತರಿಸಿಕೊಂಡು ಮೂಸಿ ನೋಡಿ, ಕುರ್ಚಿಗೆ ಹೋಗಿ ನೆಟ್ಟಗೆ ಕೂತರು.

ನಾನು ಕಸಬರಿಗೆ ತೆಗೆದುಕೊಂಡೆ. ಶಶಿ ಬಗ್ಗಿ ಗಾಲಿಯ ಕೆಳಗಿನ ಚೂರುಗಳನ್ನು ಒಂದೊಂದಾಗಿ ಆರಿಸುತ್ತಿದ್ದ.

"ಏನ್ ಮಾಸ್ತರ, ಮುನ್ಸಿಪಾಲ್ಟಿಯಾಗ ನೌಕರಿ ಹತ್ತೇತೇನು?" ಸಾವಕಾರರ ದನಿ ಮತ್ತೆ ಮೊದಲಿನಂತಾಗಿತ್ತು. ಆಮೇಲೆ ಪಕ್ಕದವರಿಗೆ ಹೇಳಿದರು: "ನಮ್ಮ ಹುಡುಗನ ಭಕ್ತಿ ನೋಡ್ರಿ. ದೇವರ ಕಾಯಿದು ಒಂದು ಚೂರೂ ತುಳ್ಯಾಕ ಬಿಡಂಗಿಲ್ಲ."

"ಹೌದ್ರಿ ಸಾವಕಾರ್ರ," ಎಂದೆ. ಗುಡಿಸಿದೆ. ಹೊಸ ಕಾರು ಆ ಜಾಗದ ಮೇಲಿಂದ ಮೆಲ್ಲಗೆ ಹೋಯಿತು. ಏನೂ ಚುಚ್ಚಲಿಲ್ಲ.

ಇಷ್ಟನ್ನು ಬರೆದು, ಮೇಜಿನ ಮೇಲಿನ ಹೋಳಿನಿಂದ ಒಂದು ತುಂಡು ಬಿಡಿಸಿ ಬಾಯಿಗೆ ಹಾಕಿಕೊಂಡಿದ್ದೇನೆ. ಸಾವಕಾರರು ನಾಳೆ ಕೇಳಿಯೇ ಕೇಳುತ್ತಾರೆ. ಸಿಹಿ ಇದೆ.